ಹೋಗ್ತೀನಿ ಅಂದವರು ಮತ್ತೆ ಬಂದರೆ

ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಮರೆತು ಬರೀ 'ಹೋಗ್ತೀನಿ' ಅಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, 'ಬಿಡ್ತು ಅನ್ನು' ಎಂದು ಗದರುವ ಅಜ್ಜಿಯರು ಎಲ್ಲ ಮನೆಗಳಲ್ಲೂ ಇದ್ದರು. ಸಂತೆಗೆ ಹೊರಟವರಿಗೂ ಅದೇ ಮಾತು, ಗಂಡನ ಮನೆಗೆ ಹೊರಟ ಮಗಳಿಗೂ ಅದೇ ಮಾತು. 'ವಿದಾಯ' ಎಂಬ ಪದ ನಮ್ಮ ಪುಸ್ತಕಗಳಲ್ಲಿದೆ, ನಿವೃತ್ತರಾದ ಮೇಷ್ಟರಿಗೆ ಹಾರ ಹಾಕುವ ದಿನ ಬ್ಯಾನರಿನ ಮೇಲಿರುತ್ತದೆ; ಬಾಯಲ್ಲಿ ಮಾತ್ರ ಇಲ್ಲ. ಇಂಥ ಮಾತಿನಲ್ಲಿ ಬೆಳೆದ ನನಗೆ, ಊರೂರಿಗೆ ಹೋಗಿ, ವೇದಿಕೆ ಹತ್ತಿ, ಟಿಕೆಟ್ಟು ಇಟ್ಟು, 'ನಾನು ಹೋಗ್ತೀನಿ, ಇನ್ನು ಬರೋದಿಲ್ಲ' ಎಂದು ಹೇಳಿಬರುವ ಪದ್ಧತಿಯೊಂದು ಪಶ್ಚಿಮದ ಪಾಪ್ ಗಾಯಕರಲ್ಲಿದೆ ಎಂದು ತಿಳಿದಾಗ ವಿಚಿತ್ರವೆನಿಸಿತು. ಫೇರ್‌ವೆಲ್ ಟೂರ್ ಎಂದು ಅದರ ಹೆಸರು. ಇನ್ನೂ ವಿಚಿತ್ರವೆಂದರೆ ಹಾಗೆ ಹೇಳಿಹೋದವರಲ್ಲಿ ಅನೇಕರು ಮತ್ತೆ ಬರುತ್ತಾರೆ.

ಈ ವಿಷಯವನ್ನು ನನ್ನ ತಲೆಗೆ ಹಾಕಿದವಳು ತಂಗಿಯ ಮಗಳು. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಳೆ. 2022ರ ನವೆಂಬರಿನಲ್ಲಿ ಫೋನು ಮಾಡಿದಾಗ, ಲಾಸ್ ಏಂಜಲಿಸ್‌ನ ಡಾಜರ್ ಸ್ಟೇಡಿಯಮ್ಮಿನಲ್ಲಿ ಎಲ್ಟನ್ ಜಾನ್ ಹಾಡುತ್ತಾರೆ, ಟಿಕೆಟ್ಟು ಸಿಕ್ಕಿದೆ ಎಂದು ಕುಣಿಯುವ ದನಿಯಲ್ಲಿ ಹೇಳಿದಳು. ಎಷ್ಟು ಎಂದು ಕೇಳಿದೆ. ಅವಳು ಡಾಲರಿನಲ್ಲಿ ಹೇಳಿದ್ದನ್ನು ನಾನು ರೂಪಾಯಿಗೆ ತಿರುಗಿಸಿಕೊಂಡೆ. ನಮ್ಮ ಮನೆಯ ಮೂರು ತಿಂಗಳ ದಿನಸಿ!

"ಅಷ್ಟು ದುಡ್ಡು ಯಾಕೆ ಸುರಿದೆಯೇ ಪುಟ್ಟಿ?"

"ಕೊನೇದು ದೊಡ್ಡಮ್ಮ. ಅಮೆರಿಕದಲ್ಲಿ ಇನ್ನು ಅವರು ಟೂರ್ ಮಾಡೋದಿಲ್ಲವಂತೆ."

"ನಾಳೆ ಮನಸ್ಸು ಬದಲಾಯಿಸಿ ಮತ್ತೆ ಬಂದರೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದರೆ ಒಳ್ಳೇದೇ ಆಯ್ತಲ್ಲ" ಅಂದಳು.

ಆ ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಬಂದರೆ ಒಳ್ಳೆಯದು, ಸರಿ. ಆದರೆ 'ಕೊನೆಯದು' ಎಂಬ ಮಾತನ್ನು ನಂಬಿ ಮೂರು ತಿಂಗಳ ದಿನಸಿಯ ದುಡ್ಡು ಕೊಟ್ಟವರಿಗೆ ಆ ಮಾತಿನ ಮೇಲೆ ಹಕ್ಕಿಲ್ಲವೆ? ಇದು ಹಾಡಿನ ಪ್ರಶ್ನೆಯಲ್ಲ, ಕೊಟ್ಟ ಮಾತಿನ ಪ್ರಶ್ನೆ ಅನ್ನಿಸಿತು.

ಎಲ್ಟನ್ ಜಾನ್ ಯಾರೆಂದು ನಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. 1997ರ ಸೆಪ್ಟೆಂಬರಿನಲ್ಲಿ ಡಯಾನಾಳ ಅಂತ್ಯಸಂಸ್ಕಾರವನ್ನು ಟೀವಿಯಲ್ಲಿ ನೋಡಿದವರಿಗೆ, ಚರ್ಚಿನೊಳಗೆ ಪಿಯಾನೊ ಮುಂದೆ ಕುಳಿತು ಹಾಡಿದ, ಕನ್ನಡಕದ ದುಂಡುಮುಖದ ಮನುಷ್ಯ ನೆನಪಿರಬಹುದು. ಅವರೇ ಇವರು. 1947ರಲ್ಲಿ ಲಂಡನ್ನಿನ ಅಂಚಿನ ಪಿನ್ನರ್ ಎಂಬಲ್ಲಿ ರೆಜಿನಾಲ್ಡ್ ಡ್ವೈಟ್ ಆಗಿ ಹುಟ್ಟಿದವರು, ಇಪ್ಪತ್ತರ ಹರೆಯದಲ್ಲಿ ಹೊಸ ಹೆಸರಿಟ್ಟುಕೊಂಡರು. ರೆಕ್ಕೆಪುಕ್ಕದ ಅಂಗಿ, ಮಿಣಮಿಣ ಬೂಟು, ಮುಖಕ್ಕಿಂತ ದೊಡ್ಡ ಕನ್ನಡಕ, ಇವೆಲ್ಲದರ ನಡುವೆ ನಿಜಕ್ಕೂ ಒಳ್ಳೆಯ ಪಿಯಾನೊ. ಅದೇ ಡಾಜರ್ ಸ್ಟೇಡಿಯಮ್ಮಿನಲ್ಲಿ 1975ರಲ್ಲಿ ಹಾಡಿದಾಗ ಅವರಿಗೆ ಇಪ್ಪತ್ತೆಂಟು ವರ್ಷ. 2022ರಲ್ಲಿ ಎಪ್ಪತ್ತೈದು.

2018ರ ಜನವರಿಯಲ್ಲಿ ಅವರು ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಕರೆದು, ಇನ್ನೊಂದೇ ಪ್ರವಾಸ, ಆಮೇಲೆ ಊರೂರು ತಿರುಗುವುದು ಸಾಕು ಎಂದರು. ಕೊಟ್ಟ ಕಾರಣ ಕೇಳಿ. ಮಕ್ಕಳು! ಅವರಿಗೂ ಅವರ ಪತಿ ಡೇವಿಡ್ ಫರ್ನಿಷ್ ಅವರಿಗೂ ಇಬ್ಬರು ಗಂಡುಮಕ್ಕಳು. ಆಗ ದೊಡ್ಡವನಿಗೆ ಏಳು, ಚಿಕ್ಕವನಿಗೆ ಐದು. ಮಕ್ಕಳ ಶಾಲೆಯ ದಿನಗಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ ಎಂಬ ಅರ್ಥದ ಮಾತಾಡಿದರು. ಜಗತ್ತೆಲ್ಲ ಮೆಚ್ಚಿತು.

ಇಲ್ಲಿ ನನಗೆ ನಗು ಬಂತು, ನಿಮಗೂ ಬರಬಹುದು. ಮಕ್ಕಳ ಶಾಲೆಗಾಗಿ ಕೆಲಸ ಬಿಟ್ಟವರು ನಮ್ಮ ಬೀದಿಯಲ್ಲೇ ನಾಲ್ವರಿದ್ದಾರೆ. ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ವೀಣೆ ಕಲಿಸುತ್ತಿದ್ದವರು. ಯಾರೂ ಪತ್ರಕರ್ತರನ್ನು ಕರೆಯಲಿಲ್ಲ. ವೀಣೆಯವರು ಒಂದು ಸೋಮವಾರ ಪಾಠವಿಲ್ಲ ಅಂದರು, ಮುಂದಿನ ಸೋಮವಾರವೂ ಇಲ್ಲ ಅಂದರು, ಅಷ್ಟೆ. ಎಪ್ಪತ್ತು ದಾಟಿದ ಗಂಡಸು ಹೇಳಿದರೆ ಸುದ್ದಿಯಾಗುವ ಮಾತು ಇಪ್ಪತ್ತೆಂಟರ ಹೆಂಗಸಿನ ಪಾಲಿಗೆ ಮಾಮೂಲು. ಇರಲಿ, ಅವರ ತಪ್ಪೇನಲ್ಲ ಅದು.

ಪ್ರವಾಸ 2018ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನಿನಲ್ಲಿ ಶುರುವಾಯಿತು. ಮೂರು ವರ್ಷ, ಸುಮಾರು ಮುನ್ನೂರು ಕಛೇರಿ ಎಂದು ಲೆಕ್ಕ. 2020ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹಾಡುತ್ತಿದ್ದಾಗ ದನಿಯೇ ಹೊರಡದಾಯಿತು. ನ್ಯುಮೋನಿಯಾ ಹಿಡಿದಿತ್ತು. ಹಾಡಲಾರೆ ಎಂದು ಸಾವಿರಾರು ಜನರ ಮುಂದೆ ಅತ್ತರು. ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಮರುತಿಂಗಳೇ ಕೊರೋನಾ ಬಂದು ಜಗತ್ತು ಬಾಗಿಲು ಹಾಕಿತು. ಮತ್ತೆ ಹೊರಡಬೇಕು ಅನ್ನುವಾಗ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾಯಿತು, ಯುರೋಪಿನ ಕಛೇರಿಗಳು 2023ಕ್ಕೆ ಹೋದವು. ಕೊನೆಗೆ 2023ರ ಜುಲೈ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮುಗಿಯುವ ಹೊತ್ತಿಗೆ ಒಟ್ಟು 330 ಕಛೇರಿಗಳಾಗಿದ್ದವು, ಅರವತ್ತು ಲಕ್ಷ ಜನ ಬಂದಿದ್ದರು, ಸುಮಾರು 94 ಕೋಟಿ ಡಾಲರ್ ಗಲ್ಲಾ ತುಂಬಿತ್ತು. ಯಾವ ಗಾಯಕರ ಪ್ರವಾಸಕ್ಕೂ ಅಲ್ಲಿಯವರೆಗೆ ಅಷ್ಟು ಬಂದಿರಲಿಲ್ಲ. ಆ ವರ್ಷದ ಕೊನೆಗೆ ಟೇಲರ್ ಸ್ವಿಫ್ಟ್ ಎಂಬ ಹುಡುಗಿ ಆ ದಾಖಲೆ ಮುರಿದಳು, ಅದು ಬೇರೆ ಕಥೆ.

ದೊಡ್ಡ ಮಗನಿಗೆ ಹನ್ನೆರಡಾಗಿತ್ತು, ಚಿಕ್ಕವನಿಗೆ ಹತ್ತು. ಯಾವ ಬಾಲ್ಯವನ್ನು ಕಳೆದುಕೊಳ್ಳಬಾರದೆಂದು ಹೊರಟರೋ ಅದರ ಐದು ವರ್ಷ 'ಹೋಗುತ್ತೇನೆ' ಎಂದು ಹೇಳುವುದರಲ್ಲೇ ಹೋಯಿತು. ರೋಗರುಜಿನದ ಕಾಲ ಅದರಲ್ಲಿ ಸೇರಿದೆ, ಒಪ್ಪುತ್ತೇನೆ. ಆದರೂ ನಮ್ಮಲ್ಲಿ ಹೊರಟ ನೆಂಟರು ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡುವುದು ನೆನಪಾಗದೆ ಇರಲಿಲ್ಲ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು. 2020ಕ್ಕೆಂದು ಟಿಕೆಟ್ಟು ಕೊಂಡು ಮೂರು ವರ್ಷ ಇಟ್ಟುಕೊಂಡವರ ಊರುಗಳಿಗೆ ಅವರು, ದುರಸ್ತಿಯಾದ ಸೊಂಟ ಹೊತ್ತುಕೊಂಡು, ಹೋದರು. ಗಲ್ಲಾ ಅಷ್ಟು ಹೊತ್ತಿಗೆ ತುಂಬಿತ್ತು, ನೆಪವೂ ಇತ್ತು. ಹೋಗದಿದ್ದರೂ ಯಾರೂ ಬಯ್ಯುತ್ತಿರಲಿಲ್ಲ.

ಆದರೆ ಇದು ಅವರ ಮೊದಲ ವಿದಾಯವಲ್ಲ! 1977ರಲ್ಲಿ, ಮೂವತ್ತರ ವಯಸ್ಸಿನಲ್ಲೇ, ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿನ ನಡುವೆ ಎದ್ದು, ಇನ್ನು ಪ್ರವಾಸ ಮಾಡುವುದಿಲ್ಲ ಎಂದು ಘೋಷಿಸಿದ್ದರು. ಎರಡು ವರ್ಷಕ್ಕೆ ಮತ್ತೆ ಹೊರಟರು. ಫ್ರಾಂಕ್ ಸಿನಾತ್ರ ಎಂಬ ಹಿರಿಯ ಗಾಯಕ 1971ರಲ್ಲಿ ಬಿಟ್ಟೆ ಎಂದವರು 1973ರಲ್ಲಿ ಬಂದರು. ಇವರನ್ನೆಲ್ಲ ಮೀರಿಸಿದವರು ಶೇರ್ ಎಂಬ ಅಮೆರಿಕದ ಗಾಯಕಿ. 2002ರ ಜೂನ್‌ನಲ್ಲಿ ಟೊರೊಂಟೊದಲ್ಲಿ ಅವರ ವಿದಾಯದ ಪ್ರವಾಸ ಶುರುವಾಯಿತು. ಜನ ಬಂದರು, ಇನ್ನಷ್ಟು ದಿನಾಂಕ ಸೇರಿಸಿದರು, ಮತ್ತೂ ಬಂದರು, ಮತ್ತೂ ಸೇರಿಸಿದರು. 2005ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮುಗಿಸುವಾಗ 320ಕ್ಕೂ ಹೆಚ್ಚು ಬಾರಿ 'ಹೋಗುತ್ತೇನೆ' ಹೇಳಿ ಆಗಿತ್ತು. 2008ರಲ್ಲಿ ಲಾಸ್ ವೇಗಸ್‌ನಲ್ಲಿ ಹಾಡುತ್ತಿದ್ದರು. 2014ರಲ್ಲಿ ಮತ್ತೆ ದೇಶ ಸುತ್ತಿದರು. 2018ರಲ್ಲಿ, ಎಪ್ಪತ್ತೆರಡರಲ್ಲಿ, ಇನ್ನೊಮ್ಮೆ.

ಇದನ್ನು ನಗುತ್ತಾ ಹೇಳಬಹುದು, ಅಲ್ಲಿಯ ಜನ ನಗುತ್ತಲೇ ಹೇಳುತ್ತಾರೆ. ನಮಗೂ ಹೊಸದೇನಲ್ಲ. ಜಾತ್ರೆಯ ಕಾಲದಲ್ಲಿ ಊರಿಗೆ ಬಂದು ಕ್ಯಾಂಪು ಹಾಕುವ ನಾಟಕ ಕಂಪನಿಗಳ ಗಾಡಿ ಧ್ವನಿವರ್ಧಕ ಕಟ್ಟಿಕೊಂಡು 'ಕೊನೆಯ ಮೂರು ಆಟಗಳು, ಕೊನೆಯ ಮೂರೇ ಆಟಗಳು' ಎಂದು ಕೂಗುತ್ತಾ ಹೋಗುತ್ತಿತ್ತು. ಮೂರಾದ ಮೇಲೆ 'ಜನರ ಒತ್ತಾಯದ ಮೇರೆಗೆ' ಇನ್ನು ಮೂರು. ಯಾರು ಒತ್ತಾಯ ಮಾಡಿದ್ದರೋ ದೇವರೇ ಬಲ್ಲ. ಪೇಟೆಬೀದಿಯ ಸೀರೆ ಅಂಗಡಿಗಳಲ್ಲಿ ಒಂದಾದರೂ 'ಅಂಗಡಿ ಖಾಲಿ ಮಾಡುತ್ತಿದ್ದೇವೆ' ಎಂಬ ಬೋರ್ಡು ತೂಗುಹಾಕಿರುತ್ತದೆ. ಬೋರ್ಡಿನ ಬಣ್ಣ ಮಾಸಿ ಹೊಸದಾಗಿ ಬರೆಸಿರುತ್ತಾರೆ.

ನಾವು ಆ ಅಂಗಡಿಗೆ ಹೋಗಿಯೂ ಹೋಗುತ್ತೇವೆ. ಬೇಕಿಲ್ಲದ ಸೀರೆ ತಂದೂ ತರುತ್ತೇವೆ. ಯಾಕೆ? 'ಕೊನೆ' ಎಂಬ ಮಾತಿಗೆ ಆ ಶಕ್ತಿಯಿದೆ. ನಾಳೆ ನೋಡೋಣ ಎಂದು ಮುಂದೆ ಹಾಕುತ್ತಿದ್ದುದನ್ನು ಅದು ಇವತ್ತಿಗೆ ಎಳೆದು ತರುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಸೀರೆಯಂಗಡಿಯವನು ನಮ್ಮ ಆಸೆಯನ್ನು ಮಾತ್ರ ಕೆಣಕುತ್ತಾನೆ. ಹಳೆಯ ಹಾಡುಗಾರರ ವಿಷಯ ಹಾಗಲ್ಲ. ಅವರ ಹಾಡಿನಲ್ಲಿ ಕೇಳುವವರ ಹರೆಯವಿದೆ, ಸತ್ತುಹೋದ ಗಂಡನ ಜೊತೆ ಸ್ಕೂಟರಿನಲ್ಲಿ ಹೋದ ಸಂಜೆಯಿದೆ, ಹೆರಿಗೆಗೆ ತವರಿಗೆ ಬಂದಾಗ ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ ಮಧ್ಯಾಹ್ನವಿದೆ. 'ಇದು ಕೊನೆ' ಅಂದಾಗ ಅವರು ಮುಟ್ಟುವುದು ನಮ್ಮೆಲ್ಲರಲ್ಲೂ ಇರುವ ಕಳೆದುಹೋಗುವ ಭಯವನ್ನು. ಭಯವನ್ನು ಮಾರುವವರು ಕೈ ಶುದ್ಧವಾಗಿಟ್ಟುಕೊಳ್ಳಬೇಕು.

ಹಾಗೆಂದು ಶೇರ್ ಸುಳ್ಳುಗಾರ್ತಿ ಎನ್ನಲೆ? ಮನಸ್ಸು ಬರುವುದಿಲ್ಲ. ವಿದಾಯ ಶುರುಮಾಡಿದಾಗ ಅವರಿಗೆ ಐವತ್ತಾರು. ಗಂಡು ಗಾಯಕನಿಗೆ ಆ ವಯಸ್ಸಿನಲ್ಲಿ ಕೂದಲು ನೆರೆತರೆ ಗಾಂಭೀರ್ಯ ಬಂತು ಅನ್ನುತ್ತಾರೆ. ಹೆಂಗಸಿನ ಹಾಡು ಕೇಳಲು ಬಂದವರು ಮೊದಲು ಅವಳ ಕತ್ತಿನ ಸುಕ್ಕು ಎಣಿಸುತ್ತಾರೆ. ಜನ ಬೇಡ ಅನ್ನುವ ಮೊದಲು ನಾನೇ ಬಿಡುತ್ತೇನೆ ಎಂದು ಅವಳಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಬಿಟ್ಟು ಮೂರು ವರ್ಷದ ಮೇಲೆ, ಜನ ಇನ್ನೂ ಬೇಡ ಅನ್ನಲಿಲ್ಲವಲ್ಲ ಎಂದು ಗೊತ್ತಾದರೆ ಮತ್ತೆ ಬರುವುದರಲ್ಲೂ ಆಶ್ಚರ್ಯವಿಲ್ಲ.

ನಮ್ಮ ಕನ್ನಡದವರಿಗೆ ಮಾತು ಉಳಿಸಿಕೊಳ್ಳುವುದೆಂದರೆ ತಟ್ಟನೆ ನೆನಪಾಗುವುದು ಪುಣ್ಯಕೋಟಿ. ಅವಳು ಕೊಟ್ಟದ್ದು 'ಬರ್ತೀನಿ' ಎಂಬ ಮಾತು. ಬಂದಳು, ಹುಲಿಯ ಎದುರು ನಿಂತಳು. ಇವರು ಕೊಟ್ಟದ್ದು 'ಬರೋದಿಲ್ಲ' ಎಂಬ ಮಾತು. ಎರಡೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತುಗಳೆ? ಬರುತ್ತೇನೆ ಎಂದವರು ಬರದಿದ್ದರೆ ಕಾದವರು ಕೆಡುತ್ತಾರೆ. ಬರುವುದಿಲ್ಲ ಎಂದವರು ಬಂದರೆ ಯಾರು ಕೆಟ್ಟರು? ಸಾಲ ಮಾಡಿ ದೂರದಿಂದ ಬಂದವರು ಇರಬಹುದು. ಅವರ ಸಾಲ ಸುಳ್ಳಲ್ಲ. ಆದ್ದರಿಂದ ಮೂವರನ್ನು ಬೇರೆಬೇರೆಯಾಗಿ ನೋಡಬೇಕು ಅನ್ನಿಸುತ್ತದೆ. ಬರುತ್ತೇನೆ ಎಂದು ಒಳಗೇ ಗೊತ್ತಿದ್ದೂ ಬರುವುದಿಲ್ಲ ಎಂದವರು ಮೋಸ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಬರಬಾರದೆಂದೇ ನಿಶ್ಚಯಿಸಿ, ಆಮೇಲೆ ಇರಲಾರದೆ ಬಂದವರು ಮನುಷ್ಯರು. ಮೂರನೆಯವರೇ ನನಗೆ ಕಷ್ಟ: ಬರುತ್ತೇನೋ ಇಲ್ಲವೋ ಎಂದು ಯೋಚಿಸುವ ಗೋಜಿಗೇ ಹೋಗದೆ, ಆ ಪದ ಟಿಕೆಟ್ಟು ಖರ್ಚು ಮಾಡಿಸುತ್ತದೆ ಎಂಬ ಒಂದೇ ಕಾರಣಕ್ಕೆ ಪೋಸ್ಟರಿನ ಮೇಲೆ ಬರೆಸಿದವರು. ಹೊರಗಿನಿಂದ ನೋಡುವವರಿಗೆ ಯಾರು ಎಷ್ಟನೆಯವರೆಂದು ತಿಳಿಯುವುದಿಲ್ಲ.

ಟೀನಾ ಟರ್ನರ್ ಅವರನ್ನು ನಾನು ಎರಡನೆಯ ಗುಂಪಿಗೆ ಹಾಕುತ್ತೇನೆ. ಹೋಗುವುದು ಅಂದರೇನು ಎಂದು ಗೊತ್ತಿದ್ದ ಹೆಂಗಸು ಆಕೆ. 1976ರಲ್ಲಿ ಹೊಡೆಯುವ ಗಂಡನನ್ನು ಬಿಟ್ಟು ಡಲ್ಲಾಸಿನ ಹೋಟೆಲಿನಿಂದ ಓಡಿಬಂದಾಗ ಕೈಯಲ್ಲಿದ್ದದ್ದು 36 ಸೆಂಟು, ಪೆಟ್ರೋಲಿಗೆ ಒಂದು ಕಾರ್ಡು. ಆಗ ಯಾರೂ ವಿದಾಯದ ಸಭೆ ಮಾಡಲಿಲ್ಲ. ವಿಚ್ಛೇದನದಲ್ಲಿ ಬೇರೇನೂ ಬೇಡ, ನನ್ನ ಹೆಸರು ನನಗಿರಲಿ ಎಂದರು. ಆ ಹೆಸರಿನಿಂದಲೇ ನಲವತ್ತು ದಾಟಿದ ಮೇಲೆ ಮತ್ತೆ ಮೇಲಕ್ಕೆ ಬಂದರು. 2000ದಲ್ಲಿ ದೊಡ್ಡ ಪ್ರವಾಸಗಳು ಸಾಕು ಎಂದರು. 2008ರಲ್ಲಿ, ಅರವತ್ತೊಂಬತ್ತರ ಹೊಸ್ತಿಲಲ್ಲಿ, ಹೈಹೀಲ್ಸ್ ಹಾಕಿಕೊಂಡು ಮತ್ತೆ ಹೊರಟರು. 2009ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮುಗಿಸಿದರು. ಆಮೇಲೆ ಪ್ರವಾಸಕ್ಕೆ ಬರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸರೋವರದ ದಡದ ಮನೆಯಲ್ಲಿ, ಮೂತ್ರಪಿಂಡವನ್ನೇ ಕೊಟ್ಟ ಎರಡನೆಯ ಗಂಡನ ಜೊತೆ ಇದ್ದು, 2023ರಲ್ಲಿ ತೀರಿಕೊಂಡರು. ಮೊದಲನೆಯ ವಿದಾಯ ಪೂರ್ತಿ ಆಗಿರಲಿಲ್ಲ, ಎರಡನೆಯದು ಆಯಿತು. ಹುಣಸೆಹಣ್ಣು ಒಂದೇ ಸಲಕ್ಕೆ ಹಿಂಡಿದರೆ ರಸವೆಲ್ಲ ಬರುತ್ತದೆಯೆ?

ನಮ್ಮ ಅತ್ತೆ ಹಾಡು ಹೇಳುತ್ತಿದ್ದರು. ಮದುವೆಮನೆಯಲ್ಲಿ ಎಣ್ಣೆಶಾಸ್ತ್ರದ ಹಾಡು, ಉರುಟಣೆ ಹಾಡು, ಬೀಗರನ್ನು ಛೇಡಿಸುವ ಹಾಡು, ಆರತಿ ಹಾಡು. ನೆಂಟರಿಷ್ಟರ ಮನೆಗಳಲ್ಲಿ ಮುಹೂರ್ತ ಗೊತ್ತಾದ ಕೂಡಲೆ ಅವರಿಗೂ ಹೇಳಿಕಳಿಸುತ್ತಿದ್ದರು. ಒಂದು ಮದುವೆಯಲ್ಲಿ, ಆರತಿ ತಟ್ಟೆ ಎತ್ತಿದಾಗ, ಎಲ್ಲರೂ ಅವರ ಮುಖ ನೋಡಿದರು. ಅವರು ಪಕ್ಕದಲ್ಲಿದ್ದ ನನ್ನ ಓರಗಿತ್ತಿಯ ಬೆನ್ನು ಮುಟ್ಟಿ, "ನೀನೇ ಹೇಳೇ" ಅಂದರು. ಅವಳು ತಡವರಿಸುತ್ತಾ ಹೇಳಿದಳು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಯಾವ ಮದುವೆಯಲ್ಲೂ ಅವರು ಹೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಯಾಕೆಂದು ಕೇಳಿದೆ. "ಉಸಿರು ಸಾಲಲ್ಲ. ನನ್ನದೇನೋ ಸರಿ, ಹಾಡು ಕೆಡಬಾರದು ನೋಡು" ಅಂದರು. ಹಿಂದಿನ ಮದುವೆಯಲ್ಲಿ ಅವರು ಹೇಳಿದ್ದು ಕೊನೆಯ ಹಾಡು ಎಂದು ಅಲ್ಲಿದ್ದವರು ಯಾರಿಗೂ ತಿಳಿದಿರಲಿಲ್ಲ. ಯಾವ ಹಾಡು ಎಂದು ಈಗ ಕೇಳಿದರೆ ಹೇಳುವವರೂ ಇಲ್ಲ. ಬೆಳಿಗ್ಗೆ ದೇವರಮನೆಯಲ್ಲಿ ಹೂವು ಬಿಡಿಸಿಕೊಳ್ಳುತ್ತಾ ಗುನುಗುವುದು ಮಾತ್ರ ಕೊನೆಯವರೆಗೂ ಇತ್ತು.

ಅವರ ರೀತಿ ದೊಡ್ಡದು ಎಂದು ಹೇಳಿ ಪಾಪ್ ಗಾಯಕರನ್ನು ತೆಗಳುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಹೇಳದೆ ನಿಲ್ಲಿಸಿದ್ದರಿಂದ ಅವರ ಮರ್ಯಾದೆ ಉಳಿಯಿತು, ನಮಗೆ ಏನೋ ಒಂದು ಸಿಗದೆ ಹೋಯಿತು. ಕೊನೆಯದೆಂದು ಗೊತ್ತಿದ್ದರೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಎಲ್ಲರೂ ಬಂದು ಕೂರುತ್ತಿದ್ದೆವು. ಅರಿಶಿನ ಕುಂಕುಮ ಕೊಟ್ಟು, ಸೆರಗಿನಲ್ಲಿ ತೆಂಗಿನಕಾಯಿ ಹಾಕಿ, ಕಾಲಿಗೆ ಬೀಳುತ್ತಿದ್ದೆವು. ಬಂದು ಕೂರಲು ಒಂದು ದಿನ ಗೊತ್ತುಮಾಡಿಕೊಟ್ಟರಲ್ಲ, ಅಷ್ಟರಮಟ್ಟಿಗೆ ವಿದಾಯದ ಪ್ರವಾಸ ಕೇಳುವವರಿಗೆ ಸಿಕ್ಕ ಉಪಕಾರವೇ. ಬೆಲೆ ಹೆಚ್ಚು, ಅಷ್ಟೆ.

ಶಾಸ್ತ್ರೀಯ ಸಂಗೀತದವರು ಈ ಗೊಡವೆಗೇ ಹೋಗುವುದಿಲ್ಲ. ನಮ್ಮ ಗಂಗೂಬಾಯಿ ಹಾನಗಲ್ ತೊಂಬತ್ತು ದಾಟಿಯೂ ವೇದಿಕೆಯ ಮೇಲೆ ಕುಳಿತರು. ಎಂ.ಎಸ್. ಸುಬ್ಬುಲಕ್ಷ್ಮಿ 1997ರಲ್ಲಿ ಪತಿ ಸದಾಶಿವಂ ತೀರಿಕೊಂಡ ಮೇಲೆ ಸಾರ್ವಜನಿಕವಾಗಿ ಹಾಡುವುದನ್ನೇ ಬಿಟ್ಟರು. ಪ್ರವಾಸ, ಪೋಸ್ಟರು ಯಾವುದೂ ಇಲ್ಲ.

ಎಲ್ಟನ್ ಜಾನ್ ಈವರೆಗೆ ಮಾತು ತಪ್ಪಿಲ್ಲ ಎಂದೇ ನನ್ನ ಲೆಕ್ಕ. ಈ ಸಲ ಅವರು ಬಿಟ್ಟದ್ದು ಪ್ರವಾಸವನ್ನು, ಹಾಡನ್ನಲ್ಲ. ಹಾಗೆಂದು ಮೊದಲೇ ಹೇಳಿದ್ದರು. 2025ರಲ್ಲಿ ಬ್ರಾಂಡಿ ಕಾರ್ಲೈಲ್ ಎಂಬ ಗಾಯಕಿಯ ಜೊತೆ ಹೊಸ ಆಲ್ಬಮ್ಮು ತಂದರು. ಅದಕ್ಕೂ ಮುಂಚೆ, 2024ರ ಡಿಸೆಂಬರಿನಲ್ಲಿ, ತಾವೇ ಸಂಗೀತ ಕೊಟ್ಟ ನಾಟಕಕ್ಕೆ ಲಂಡನ್ನಿನಲ್ಲಿ ಬಂದು, ಸೋಂಕಿನಿಂದ ಕಣ್ಣು ಹೋಗಿದೆ, ನೋಡಲಾಗುತ್ತಿಲ್ಲ, ಕೇಳಿ ಸಂತೋಷಪಟ್ಟೆ ಎಂದರು. ಕಣ್ಣು ಫೇರ್‌ವೆಲ್ ಟೂರ್ ಮಾಡಿ ಹೋಗಲಿಲ್ಲ.

ನಮ್ಮ ಪಕ್ಕದ ಮನೆಯವರಿಗೆ ಈ ಚರ್ಚೆ ಪೂರ್ತಿ ಸ್ವಂತದ್ದು. 2017ರ ಅಕ್ಟೋಬರ್ 28ರಂದು ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿಯವರು ಇದೇ ನನ್ನ ಕೊನೆಯ ಕಛೇರಿ ಎಂದು ಹಾಡಿದಾಗ, ಇವರು ನಾದಿನಿಯನ್ನು ಕಟ್ಟಿಕೊಂಡು ಬಸ್ಸು ಹತ್ತಿ ಹೋಗಿದ್ದರು. ಜಾನಕಿಯವರಿಗೆ ಆಗ ಎಪ್ಪತ್ತೊಂಬತ್ತು. ಹಾಡಲು ಶುರುಮಾಡಿ ಅರವತ್ತು ವರ್ಷ. 'ಸನಾದಿ ಅಪ್ಪಣ್ಣ'ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಗೆ ಸರಿಸಾಟಿಯಾಗಿ ನಿಂತ ದನಿ. ಆಂಧ್ರದಲ್ಲಿ ಹುಟ್ಟಿದವರು ಎಂದು ನಮಗೆ ಯಾರಿಗೂ ಅನ್ನಿಸಿದ್ದೇ ಇಲ್ಲ. ಇವರು ಮರುದಿನ ಕಣ್ಣು ಊದಿಸಿಕೊಂಡು ಬಂದು, "ಎಷ್ಟು ಅತ್ತೆವು ಗೊತ್ತೇನ್ರೀ" ಎಂದು ವರದಿ ಒಪ್ಪಿಸಿದರು. ಮರುವರ್ಷ ಜಾನಕಿಯವರು ಒಂದು ತಮಿಳು ಸಿನಿಮಾಕ್ಕೆ ಮತ್ತೆ ಹಾಡಿದ ಸುದ್ದಿ ಬಂತು. ಇವರು ಕಾಂಪೌಂಡಿನ ಆಚೆಯಿಂದಲೇ ಕೂಗಿ ಕರೆದು ಸೊಂಟಕ್ಕೆ ಕೈಯಿಟ್ಟು ನಿಂತರು.

"ನೋಡಿದ್ರಾ? ಹಾಗಾದ್ರೆ ನಾವು ಅತ್ತಿದ್ದು?"

"ಬಸ್ ಚಾರ್ಜು ವಾಪಸು ಕೇಳೋಣ್ವಾ?" ಅಂದೆ.

ಅವರು ನಿಜವಾಗಿಯೂ ಯೋಚನೆ ಮಾಡಿದರು. ಒಣಗಿದ ಬಟ್ಟೆಯೊಂದನ್ನು ತಂತಿಯಿಂದ ತೆಗೆದು ಮಡಚಿದರು.

"ಬೇಡ ಬಿಡಿ. ಇನ್ನೊಂದು ಸಲ ಮೈಸೂರಿಗೆ ಬಂದ್ರೆ ಹೋಗೋಕೆ ಬೇಕಾಗುತ್ತಲ್ಲ."